ಹದಿನೇಳರ ಮಗ್ಗಿಯೂ ಚಿಲಕವಿಲ್ಲದ ಬಚ್ಚಲೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ‘ಬಚ್ಚಲು ಒಡೆಸಿ ನೋಡು’ ಎಂಬ ಮೂರನೆಯ ಮಾತನ್ನು ಯಾಕೆ ಬಿಟ್ಟರು ಎಂಬುದೇ ನಮ್ಮ ಯಜಮಾನರ ದೂರು. ಬಹುಶಃ ಆ ಕಾಲದಲ್ಲಿ ಬಚ್ಚಲು ಒಡೆಯಲು ಒಂದು ಹಾರೆ ಇದ್ದರೆ ಸಾಕಿತ್ತು. ಈಗ ಹಾರೆಗೆ ಮೊದಲು ಅನುಮತಿ ಬೇಕು. ಅನುಮತಿಗೆ ಮೊದಲು ತಪಾಸಣೆ, ತಪಾಸಣೆಗೆ ಮೊದಲು ಅರ್ಜಿ, ಅರ್ಜಿಗೆ ಮೊದಲು ತಾಳ್ಮೆ. ಕೊನೆಯ ಸಾಮಗ್ರಿ ಯಜಮಾನರ ಬಳಿ ಹುಟ್ಟಿನಿಂದಲೇ ಇರಲಿಲ್ಲ.

(ಯಜಮಾನರು ಎಂಬುದು ಬರೀ ಬಿರುದು. ಮನೆಯ ಆಡಳಿತವೆಲ್ಲ ಮನೆಯಾಕೆಯದು. ಅಚ್ಚುಕೂಟದಲ್ಲಿ ಕರಡು ತಿದ್ದಿ ತಿದ್ದಿ ನಿವೃತ್ತರಾದ ಅವರಿಗೆ ಮನೆಯಲ್ಲಿ ತಿದ್ದಲು ಏನೂ ಉಳಿದಿರಲಿಲ್ಲ. ಅಲ್ಲಿ ಅವರನ್ನೇ ತಿದ್ದುವ ಕೆಲಸ ನಡೆದಿತ್ತು.)

ಬಚ್ಚಲು ಒಡೆಸಬೇಕಾಗಿ ಬಂದದ್ದು ಅಕ್ಕನಿಗಾಗಿ. ಅಕ್ಕ ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರೂರಿನ ಜಗಳಗಳಿಗೆ ತಂತಿ ಜೋಡಿಸಿದವಳು. ಅವಳ ದನಿಗೆ ಗೋಡೆಯಾಗಲಿ ಬಾಗಿಲಾಗಲಿ ಅಡ್ಡಿಯಲ್ಲ. ಅಂಥ ಅಕ್ಕ ತನ್ನ ಬಾಡಿಗೆ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಹೊಸ್ತಿಲಿಲ್ಲದ, ಜಾರದ, ಹಿಡಿದುಕೊಳ್ಳಲು ಕಂಬಿ ಇರುವ ಬಚ್ಚಲಿದ್ದರೆ ಮನೆಗೆ ಹೋಗಬಹುದು, ಇಲ್ಲದಿದ್ದರೆ ಆರೈಕೆ ಕೇಂದ್ರಕ್ಕೆ.

“ನಮ್ಮನೆಗೇ ಬಂದ್ಬಿಡು ಅಕ್ಕಾ,” ಎಂದರು ಯಜಮಾನರು.

“ನಿಮ್ಮನೆ ಬಚ್ಚಲಿಗಾ? ಅದರ ಹೊಸ್ತಿಲು ದಾಟೋಕೆ ರೇಸಿನ ಕುದುರೆನೇ ಆಗ್ಬೇಕು. ಹೋಗ್ಲಿ ಬಿಡೋ ಪುಟ್ಟೂ, ಆರೈಕೆ ಕೇಂದ್ರದಲ್ಲಿ ಬಚ್ಚಲು ತುಂಬಾ ಚೆನ್ನಾಗಿದೆಯಂತೆ.”

ಅಕ್ಕ ನಗುತ್ತಲೇ ಆಡಿದ ಮಾತು. ಆದರೂ ಯಜಮಾನರಿಗೆ ನಗಲಾಗಲಿಲ್ಲ. ತನ್ನನ್ನು ಸೊಂಟದ ಮೇಲೆ ಹೊತ್ತು ಓಡಾಡಿದ ಅಕ್ಕ, ಈಗ ಅದೇ ಸೊಂಟ ಮುರಿದುಕೊಂಡಾಗ, ಒಂದು ಬಚ್ಚಲಿನ ದೆಸೆಯಿಂದ ಕಂಡವರ ಪಾಲಾಗುವುದೇ? ಆಸ್ಪತ್ರೆಯವರು ಕಳಿಸಿಕೊಡುವಷ್ಟರಲ್ಲಿ ಬಚ್ಚಲು ತಯಾರಾಗಿರುತ್ತದೆ ಎಂದು ಅಲ್ಲೇ ವಾರ್ಡಿನಲ್ಲಿ, ನರ್ಸಮ್ಮನ ಸಾಕ್ಷಿಯಾಗಿ, ಘನಘೋರ ಪ್ರತಿಜ್ಞೆ ಮಾಡಿಬಿಟ್ಟರು.

ಆ ಬಚ್ಚಲಿನ ವಿಷಯ ಸ್ವಲ್ಪ ಹೇಳಲೇಬೇಕು. ಅಪ್ಪ ಕಟ್ಟಿಸಿದ್ದು. ಕಾಲಿಗೆ ತಣ್ಣಗಾಗುವ ಕಪ್ಪು ಕಲ್ಲಿನ ನೆಲ, ಮೂಲೆಯಲ್ಲೊಂದು ಸಿಮೆಂಟ್ ತೊಟ್ಟಿ, ಎತ್ತರದಲ್ಲೊಂದು ಗವಾಕ್ಷಿ. ಬೆಳಗಿನ ಬಿಸಿಲು ಅದರಿಂದ ತೂರಿ ಬಂದರೆ ತೊಟ್ಟಿಯ ನೀರಿನ ನೆರಳು ಸೂರಿನ ಮೇಲೆ ಕುಣಿಯುತ್ತಿತ್ತು. ಅದನ್ನು ನೋಡುತ್ತ ಕೂತು ಶಾಲೆಗೆ ತಡವಾಗಿ ಬೈಸಿಕೊಂಡ ಸುಖ ಯಜಮಾನರಿಗೆ ಇನ್ನೂ ನೆನಪಿದೆ. ಆ ಬಚ್ಚಲಿನಲ್ಲಿ ಎಲ್ಲ ಇತ್ತು, ಚಿಲಕ ಒಂದನ್ನು ಬಿಟ್ಟು.

ಮೊದಲು ಚಿಲಕವೂ ಇತ್ತು. ಪುಟ್ಟು ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ವಯಸ್ಸಿನಲ್ಲಿ ಒಳಗೆ ಹೋಗಿ ಅದನ್ನು ಜಡಿದುಕೊಂಡ. ಜಡಿಯಲು ಬಂತು, ತೆಗೆಯಲು ಬರಲಿಲ್ಲ. ಒಳಗಿಂದ ಕಿರುಚಾಟ ಸೂರು ಹಾರಿಸಿತು. ಅಪ್ಪ ಚಾಣ, ಸುತ್ತಿಗೆ ಹಿಡಿದು ಬಾಗಿಲಿನ ಮೇಲೆ ಯುದ್ಧ ಸಾರಿದರು. ಸುತ್ತಿಗೆಯ ಏಟಿಗೆ ಪುಟ್ಟು ಇನ್ನಷ್ಟು ಹೆದರಿದ. ಆಗ ಅಕ್ಕ ಬಾಗಿಲ ಸಂದಿಗೆ ಬಾಯಿಟ್ಟು, “ಅಳಬೇಡ ಪುಟ್ಟೂ, ನಾನ್ ಹೇಳಿದ್ದು ಹೇಳು,” ಎಂದಳು. ಮರುದಿನ ಶಾಲೆಯಲ್ಲಿ ಅವಳು ಹದಿನೇಳರ ಮಗ್ಗಿ ಒಪ್ಪಿಸಬೇಕಿತ್ತು, ನಾಲಿಗೆಯ ತುದಿಯಲ್ಲಿದ್ದದ್ದು ಅದೊಂದೇ. ಅವಳು ‘ಹದಿನೇಳೊಂದ್ಲಿ ಹದಿನೇಳು’ ಎಂದಳು. ಇವನು ಬಿಕ್ಕುತ್ತ ‘ಅದಿನೇಳು’ ಎಂದ. ಹಾಗೇ ಏಳರವರೆಗೆ ಬಂದಾಗ ಚಿಲಕ ಕಿತ್ತು ಬಂತು, ಬಾಗಿಲು ತೆರೆಯಿತು, ಪುಟ್ಟು ಅಕ್ಕನ ಕುತ್ತಿಗೆಗೆ ಜೋತುಬಿದ್ದ. ಪಾಠ ಅಲ್ಲಿಗೇ ನಿಂತಿತು. ಇವತ್ತಿಗೂ ಯಜಮಾನರಿಗೆ ಹದಿನೇಳೆಂಟ್ಲಿ ಎಷ್ಟು ಎಂದು ಬಾರದಿರುವುದಕ್ಕೆ ಕಾರಣ ಇದೇ ಎಂದು ಅವರು ವಾದಿಸುತ್ತಾರೆ.

ಅಪ್ಪ ಮತ್ತೆ ಚಿಲಕ ಹಾಕಿಸಲಿಲ್ಲ. ಅಂದಿನಿಂದ ಮನೆಗೊಂದು ಶಾಸನ ಬಂತು: ಬಚ್ಚಲಲ್ಲಿರುವವರು ಸದ್ದು ಮಾಡುತ್ತಿರಬೇಕು. ಸದ್ದಿದ್ದರೆ ಒಳಗೆ ಯಾರೋ ಇದ್ದಾರೆ, ಸದ್ದಿಲ್ಲದಿದ್ದರೆ ಖಾಲಿ. ಅಪ್ಪ ಕೆಮ್ಮುತ್ತಿದ್ದರು, ಅಮ್ಮ ಯಾರನ್ನಾದರೂ ಬೈಯುತ್ತಿದ್ದಳು, ಅಕ್ಕ ಹಾಡುತ್ತಿದ್ದಳು. ಕತ್ತೆಯೂ ಕಿವಿ ಮುಚ್ಚಿಕೊಳ್ಳುವ ಕಂಠದ ಪುಟ್ಟು ಮಾತ್ರ ತನ್ನ ಹದಿನೇಳರ ಮಗ್ಗಿ ಹೇಳುತ್ತಿದ್ದ. ಎಂಟಕ್ಕೆ ಬಂದು ತಪ್ಪುತ್ತಿದ್ದ. ಅಡುಗೆಮನೆಯಿಂದ ಅಕ್ಕ, “ತಪ್ಪು! ಮೊದಲಿಂದ!” ಎನ್ನುತ್ತಿದ್ದಳು. ಸರಿ ಎಷ್ಟೆಂದು ಮಾತ್ರ ಅವಳು ಒಂದು ದಿನವೂ ಹೇಳಿಕೊಡಲಿಲ್ಲ. ಮುಂದೆ ಮದುವೆಯಾಗಿ ಬಂದ ಮನೆಯಾಕೆ ಮೊದಲ ದಿನ ಬೆಚ್ಚಿದರೂ ಬೇಗ ಹೊಂದಿಕೊಂಡಳು. ಅವಳು ಬಚ್ಚಲಲ್ಲಿ ಗಂಡನ ಕುಂದುಕೊರತೆಗಳನ್ನು ಗಟ್ಟಿಯಾಗಿ ಎಣಿಸುತ್ತಾಳೆ. ಎಷ್ಟು ಹೊತ್ತು ಮಿಂದರೂ ವಿಷಯ ಮುಗಿಯುವುದಿಲ್ಲ.

ಇನ್ನು ಅನುಮತಿಯ ಕಥೆ. ಯಜಮಾನರು ನಗರಸಭೆ ಕಚೇರಿಯಿಂದ ಅರ್ಜಿ ತಂದರು, ತುಂಬಿದರು, ಕೊಟ್ಟರು. ಗುಮಾಸ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕನ್ನಡಕ ಏರಿಸಿದಳು.

“ಏನ್ ಸಾರ್ ಇದು, ಮೈತುಂಬ ಕೆಂಪು ಗಾಯ?”

“ಅದು ಗಾಯ ಅಲ್ಲಮ್ಮ. ನಿಮ್ಮ ಅರ್ಜೀಲಿ ಅಚ್ಚಿನ ತಪ್ಪು ಬಹಳ ಇದ್ವು. ತಿದ್ದಿದೀನಿ.”

“ಅರ್ಜೀನ ತುಂಬಿ ಅಂತ ಕೊಟ್ಟಿದ್ದು ಸಾರ್, ತಿದ್ದಿ ಅಂತಲ್ಲ. ತಿದ್ದಿದ ಅರ್ಜಿ ತಗೊಳಲ್ಲ. ಹೊಸದು ತನ್ನಿ.”

ಹೊಸದು ತಂದರು. ಮನೆಯಾಕೆ ಮನೆಯಲ್ಲಿದ್ದ ಕೆಂಪು ಪೆನ್ನನ್ನೆಲ್ಲ ಅಕ್ಕಿಡಬ್ಬಿಯಲ್ಲಿ ಬಚ್ಚಿಟ್ಟು, ಪಕ್ಕದಲ್ಲೇ ಕಾವಲು ಕೂತು ಬರೆಸಿದಳು. “ಇಲ್ಲೊಂದು ದೀರ್ಘ ಬಿಟ್ಟಿದಾರೆ ಕಣೇ,” ಎಂದು ಯಜಮಾನರು ಚಡಪಡಿಸಿದರೆ, “ಅಕ್ಕ ಮುಖ್ಯಾನೋ ದೀರ್ಘ ಮುಖ್ಯಾನೋ?” ಎಂದು ಗದರಿದಳು. ಯಜಮಾನರು ಕಣ್ಣು ಮುಚ್ಚಿಕೊಂಡು ಸಹಿ ಮಾಡಿದರು.

ತಪಾಸಣೆಗೆ ಇನ್‌ಸ್ಪೆಕ್ಟರು ಬಂದರು. ಉದ್ದನೆಯ, ತೆಳ್ಳನೆಯ, ಮಾತಿಗೆ ಬಡ್ಡಿ ಕೊಡಬೇಕೇನೋ ಎಂಬಂತೆ ಮೌನವಾಗಿರುವ ಮನುಷ್ಯ. ಕೈಯಲ್ಲಿ ಟೇಪು, ಕಂಕುಳಲ್ಲಿ ನೆಲದ ಏರುಪೇರು ನೋಡುವ ರಸಮಟ್ಟ. ಯಜಮಾನರು ಬಚ್ಚಲು ತೋರಿಸಿ ಕುರ್ಚಿ ತರಲು ಒಳಗೆ ಹೋದರು. ಇನ್‌ಸ್ಪೆಕ್ಟರು ಬಾಗಿಲು ಮುಂದೆ ಮಾಡಿಕೊಂಡು ಗೋಡೆ ಅಳೆಯತೊಡಗಿದರು. ಸದ್ದಿಲ್ಲದೆ.

ಅತ್ತ ಹಿತ್ತಲಿನಲ್ಲಿದ್ದ ಮನೆಯಾಕೆಗೆ ಅವರು ಬಂದದ್ದು ಗೊತ್ತಿಲ್ಲ. ದೊಡ್ಡ ಮನುಷ್ಯರು ಬರುವ ಮುಂಚೆ ನೆಲ ಒಮ್ಮೆ ತೊಳೆದುಬಿಡೋಣ ಎಂದು, ಬಟ್ಟೆ ಒಗೆದು ಉಳಿದ ಸೋಪಿನ ನೀರು ಬಕೆಟ್ ತುಂಬ ಹಿಡಿದು ಬಂದಳು. ಬಾಗಿಲಿಗೆ ಕಿವಿಗೊಟ್ಟಳು. ಸದ್ದಿಲ್ಲ. ಸದ್ದಿಲ್ಲದಿದ್ದರೆ ಖಾಲಿ. ಕಾಲಿನಿಂದ ಬಾಗಿಲು ತಳ್ಳಿದಳು, ಬಕೆಟ್ ಬೀಸಿದಳು.

ಇನ್‌ಸ್ಪೆಕ್ಟರು ಆಗಲೂ ಮಾತಾಡಲಿಲ್ಲ. ನೊರೆ ಒರೆಸಿಕೊಂಡು, ನೀರು ಹೋಗುವ ದಿಕ್ಕನ್ನೇ ನೋಡುತ್ತ ನಿಂತರು. ನೀರು ತೂಬಿನ ಕಡೆ ಹೊರಟಂತೆ ಮಾಡಿ, ಮನಸ್ಸು ಬದಲಿಸಿ, ಅವರ ಬೂಟಿಗೇ ವಾಪಸು ಬಂತು.

“ನೆಲಕ್ಕೆ ವಾಟ ಸರಿ ಇಲ್ಲ,” ಎಂದರು ಕೊನೆಗೆ. “ಬಾಗಿಲಿಗೆ ಚಿಲಕ ಇಲ್ಲ. ಎರಡೂ ಆದರೇನೇ ಕೊನೇ ಒಪ್ಪಿಗೆ.”

“ಸ್ವಾಮೀ, ನೀವು ಒಳಗಿದ್ದೀರಿ ಅಂತ ಗೊತ್ತಾಗ್ಲಿಲ್ಲ. ಒಂದು ಕೆಮ್ಮಾದ್ರೂ ಕೆಮ್ಮಬಾರ್ದಾ?” ಎಂದಳು ಮನೆಯಾಕೆ ಕೈ ಹಿಸುಕಿಕೊಳ್ಳುತ್ತ.

“ಕೆಮ್ಮಿಲ್ಲಮ್ಮ ನನಗೆ,” ಎಂದರು ಅವರು. “ನಾಳೆಯಿಂದ ಬರಬಹುದು.”

ಅವರು ಹೋದ ಮೇಲೆ ಮನೆಯಲ್ಲಿ ಎರಡನೆಯ ತಪಾಸಣೆ ನಡೆಯಿತು.

“ಬಂದವರಿಗೆ ನಮ್ಮನೆ ಪದ್ಧತಿ ಹೇಳೋಕಾಗ್ಲಿಲ್ವಾ ನಿಮಗೆ?”

“ಬಚ್ಚಲಲ್ಲಿ ಹಾಡಿ ಅಂತ ಸರ್ಕಾರಿ ಮನುಷ್ಯನಿಗೆ ಹೆಂಗೇ ಹೇಳೋದು?”

“ಮತ್ತೆ ಈಗ ಅನುಮತಿ ತಪ್ಪಿ ಅಕ್ಕ ಆರೈಕೆ ಕೇಂದ್ರಕ್ಕೇ ಹೋದ್ರೆ?”

ಯಜಮಾನರು ಒರೆಸುವ ಬಟ್ಟೆ ತಂದು ಬಚ್ಚಲ ನೆಲದ ನೊರೆ ಬಳಿಯತೊಡಗಿದರು.

ಆದರೆ ಇನ್‌ಸ್ಪೆಕ್ಟರು ಒದ್ದೆಯಾದರೂ ನ್ಯಾಯವಂತರು. ಅನುಮತಿ ಬಂತು. ಮೇಸ್ತ್ರಿ ಬಂದ. ಮೊದಲ ಕಲ್ಲು ಎದ್ದಾಗ ಯಜಮಾನರು ಹೊರಗೆ ಹೋಗಿ ನಿಂತರು. ಅಪ್ಪನ ಕೆಮ್ಮು, ಅಮ್ಮನ ಬೈಗುಳ, ಅಕ್ಕನ ಹಾಡು ಎಲ್ಲ ಆ ಕಲ್ಲುಗಳ ಅಡಿಯಲ್ಲೇ ಇದ್ದು, ಈಗ ಹಾರೆಯ ತುದಿಗೆ ಸಿಕ್ಕಿ ಏಳುತ್ತಿವೆ ಅನಿಸಿತು. ಅಳು ಬಂತು. “ಧೂಳು,” ಎಂದರು ಮನೆಯಾಕೆಗೆ. ಅವಳು ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡು, “ಹೌದು, ಬಹಳ ಧೂಳು,” ಎಂದಳು.

ಹೊಸ್ತಿಲು ಹೋಯಿತು. ಒರಟು ಟೈಲ್ಸ್, ಉಕ್ಕಿನ ಕಂಬಿ, ಕೂತು ಮೀಯಲು ಒಂದು ಪೀಠ, ಬಾಗಿಲಿಗೆ ಫಳಫಳ ಚಿಲಕ ಬಂದವು. ಗವಾಕ್ಷಿಯನ್ನು ಮಾತ್ರ ಮುಟ್ಟಲು ಯಜಮಾನರು ಬಿಡಲಿಲ್ಲ. ಆಸ್ಪತ್ರೆಯವರು ಇವತ್ತೇ ಕರೆದುಕೊಂಡು ಹೋಗಿ ಎಂದದ್ದೂ, ಇನ್‌ಸ್ಪೆಕ್ಟರು ಕೊನೆಯ ತಪಾಸಣೆಗೆ ಬರುತ್ತೇನೆಂದದ್ದೂ ಒಂದೇ ದಿನ. ಒಪ್ಪಿಗೆ ಸಿಕ್ಕಿದೆ ಎಂದು ಮನೆಯಿಂದ ಮಾತು ಹೋಗುವ ತನಕ ಡಾಕ್ಟರು ಆರೈಕೆ ಕೇಂದ್ರದಲ್ಲಿ ಅಕ್ಕನಿಗೆಂದು ಕಾದಿರಿಸಿದ್ದ ಹಾಸಿಗೆಯನ್ನು ಬಿಟ್ಟುಕೊಡುವಂತಿರಲಿಲ್ಲ. ಅಲ್ಲಿಯವರೆಗೆ ಕಾಯದೆ ಅಕ್ಕ, “ದಾರೀಲಿ ತಮ್ಮನ ಮನೆ ನೋಡ್ಕೊಂಡಾದ್ರೂ ಹೋಗ್ತೀನಿ,” ಎಂದು ಕಾರು ಹತ್ತಿಬಿಟ್ಟಿದ್ದಳು.

ಇನ್‌ಸ್ಪೆಕ್ಟರು ಈ ಸಲ ಬಚ್ಚಲ ಬಾಗಿಲಲ್ಲೇ ನಿಂತು ಮನೆಯಾಕೆಯ ಎರಡೂ ಕೈಗಳನ್ನು ಪರೀಕ್ಷಿಸಿದರು. ಬಕೆಟ್ ಇರಲಿಲ್ಲ.

“ಒಳಗೆ ಹೋದ ಮೇಲೆ ಸದ್ದು ಮಾಡ್ತಿರ್ಬೇಕು ಅಲ್ವಾ?” ಎಂದರು.

“ಈಗ ಚಿಲಕ ಇದೆಯಲ್ಲ ಸಾರ್,” ಎಂದರು ಯಜಮಾನರು.

“ಯಾಕೆ ಸುಮ್ಮನೆ ಅಪಾಯ? ನನಗೆ ಹಾಡು ಬರಲ್ಲ. ನೀವೇನು ಮಾಡ್ತೀರಿ?”

“ನಾನು ಹದಿನೇಳರ ಮಗ್ಗಿ ಹೇಳ್ತೀನಿ.”

“ಹದಿನೇಳೇ ಆಗ್ಬೇಕಾ?”

“ಇಲ್ಲಿ ಇದುವರೆಗೆ ನಡೆದಿರೋದು ಅದೇ.”

ನಡೆದುಬಂದದ್ದನ್ನು ಮೀರುವ ಜಾಯಮಾನ ಅವರದಲ್ಲ. ಒಳಗೆ ಹೋಗಿ, ರಸಮಟ್ಟ ಇಟ್ಟು, ಗಂಟಲು ಸರಿಮಾಡಿಕೊಂಡು ಆರಂಭಿಸಿದರು. ಅದೇ ಹೊತ್ತಿಗೆ ಕಾರು ಬಂತು. ಯಜಮಾನರು ಓಡಿಹೋಗಿ ಅಕ್ಕನನ್ನು ಇಳಿಸಿಕೊಂಡರು. ಅಕ್ಕ ಊರುಗೋಲಿನ ಆಸರೆಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ನಡುಮನೆಗೆ ಬಂದಳು. ಯಜಮಾನರು ಅವಳ ಚೀಲ ಹೊತ್ತು ಹಿಂದಿದ್ದರು. ಒಳಗಿನಿಂದ ದನಿ ಕೇಳಿಸಿತು:

“ಹದಿನೇಳಾರ್ಲಿ ನೂರಾ ಎರಡು... ಹದಿನೇಳೇಳ್ಲಿ ನೂರಾ ಹತ್ತೊಂಬತ್ತು... ಹದಿನೇಳೆಂಟ್ಲಿ... ನೂರಾ... ಇಪ್ಪತ್ತಾರು...”

“ತಪ್ಪು!” ಎಂದಳು ಅಕ್ಕ, ತಮ್ಮ ಹಿಂದೆಯೇ ಇದ್ದಾನೆಂಬುದನ್ನೂ ಮರೆತು. ಕಿಟಕಿಯ ಗಾಜು ಅದುರಿತು. “ಮೊದಲಿಂದ! ತಲೆ ಬೆಳ್ಳಗಾದ್ರೂ ಎಂಟಕ್ಕೆ ಬಂದು ಎಡವ್ತೀಯಲ್ಲೋ ಪುಟ್ಟೂ!”

ಬಚ್ಚಲಿನ ಬಾಗಿಲು ಮೆಲ್ಲಗೆ ತೆರೆಯಿತು. ಇನ್‌ಸ್ಪೆಕ್ಟರು ಟೇಪನ್ನು ಎದೆಗೆ ಅವುಚಿಕೊಂಡು, ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದರು.

“ಕ್ಷಮಿಸಿ ಟೀಚರ್,” ಎಂದರು.

ಅಕ್ಕ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಹಿಂದೆ ತಿರುಗಿ ತಮ್ಮನನ್ನು ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ನಗಬೇಡ ಸೊಂಟ ನೋಯುತ್ತದೆ ಎಂದರೂ ಬಿಡಲಿಲ್ಲ. ಎಂದೂ ನಗದ ಇನ್‌ಸ್ಪೆಕ್ಟರೂ ನಕ್ಕರು. ಒಪ್ಪಿಗೆಯ ಮುದ್ರೆ ಅಲ್ಲೇ ಬಿತ್ತು, ಆಸ್ಪತ್ರೆಗೆ ಫೋನೂ ಹೋಯಿತು. ಅಕ್ಕ ಉಳಿದಳು.

“ಅದೆಲ್ಲಾ ಸರಿ, ಈ ಚಿಲಕ ನನಗೆ ಬೇಡಪ್ಪ,” ಎಂದಳು ಅಕ್ಕ. “ಒಳಗೆ ಬಿದ್ರೆ ಮತ್ತೆ ಚಾಣ ತರ್ಬೇಕಾಗುತ್ತೆ.”

ಯಜಮಾನರು ಹೆದರಿ ಇನ್‌ಸ್ಪೆಕ್ಟರ ಮುಖ ನೋಡಿದರು. ಅವರು ಬಹಳ ಯೋಚಿಸಿ ಹೇಳಿದರು: “ಚಿಲಕ ಇರಬೇಕು ಅಂತಿದೆ. ಹಾಕಿಕೊಳ್ಳಲೇಬೇಕು ಅಂತ ಎಲ್ಲೂ ಇಲ್ಲ.”

ಮರುದಿನ ಬೆಳಿಗ್ಗೆ ಅಕ್ಕ ಮೀಯಲು ಹೋದಳು. ಬಾಗಿಲು ಬರೀ ಮುಂದೆ ಮಾಡಿತ್ತು. ಒಳಗಿಂದ ನೀರಿನ ಸದ್ದಿನ ಜೊತೆ ಅವಳ ಹಾಡು ಬಂತು. ದನಿ ಸ್ವಲ್ಪ ಒಡೆದಿತ್ತು, ಆದರೆ ಅದೇ ಹಾಡು. ಯಜಮಾನರು ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತರು. ಮನೆ ಮತ್ತೆ ತುಂಬಿದಂತಾಯಿತು.

ಹಾಡು ತಟ್ಟನೆ ನಿಂತಿತು.

ನೀರು ಬೀಳುತ್ತಲೇ ಇತ್ತು. ಯಜಮಾನರು ಸ್ಟೂಲಿನಿಂದ ದಡಕ್ಕನೆ ಎದ್ದರು. ಒಳಗೆ ನುಗ್ಗುವಂತಿಲ್ಲ, ಸುಮ್ಮನೆ ಕೂರುವಂತೆಯೂ ಇಲ್ಲ. ಅಡುಗೆಮನೆಯಿಂದ ಮನೆಯಾಕೆ ಓಡಿಬಂದಳು. ಯಜಮಾನರು ಬಾಗಿಲ ಸಂದಿಗೆ ಬಾಯಿಟ್ಟು, ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು. ಹದಿನೇಳೊಂದ್ಲಿ ಹದಿನೇಳು. ಹದಿನೇಳೆರಡ್ಲಿ ಮೂವತ್ನಾಲ್ಕು. ಒಳಗೆ ಉತ್ತರವಿಲ್ಲ. ಐದು, ಆರು, ಏಳು ದಾಟಿತು.

“ಹದಿನೇಳೆಂಟ್ಲಿ ನೂರಾ ಇಪ್ಪತ್ತೆಂಟು!”

“ತಪ್ಪು! ಮೊದಲಿಂದ!” ಎಂದಿತು ಒಳಗಿನ ದನಿ. “ಕಣ್ಣಿಗೆ ಸೋಪು ಬಿತ್ತು ಅಂತ ಬಾಯಿ ಮುಚ್ಕೊಂಡಿದ್ರೆ, ಹಾಡು ನಿಲ್ಲಿಸಿದ ತಕ್ಷಣ ಸಾಯಿಸ್ಬಿಟ್ಯಾ ನನ್ನ?”

ಯಜಮಾನರು ಸ್ಟೂಲಿನ ಮೇಲೆ ಕುಸಿದು ಕೂತರು. ಕಣ್ಣು ಒದ್ದೆಯಾಗಿತ್ತು, ಈ ಸಲ ಧೂಳಿನ ನೆಪವೂ ಇರಲಿಲ್ಲ. ಹೆಂಡತಿ ನೋಡುತ್ತಿದ್ದಾಳೆಂದು ಅರಿವಾಗಿ ಗತ್ತಿನಿಂದ ಕತ್ತೆತ್ತಿದರು.

“ಬೇಕಂತಲೇ ತಪ್ಪು ಹೇಳಿದ್ದು ಕಣೇ. ತಪ್ಪು ಕೇಳಿದ್ರೆ ಅಕ್ಕ ಸುಮ್ನಿರಲ್ಲ ಅಂತ ನನಗೆ ಗೊತ್ತಿತ್ತು.”

“ಹೌದಾ?” ಎಂದಳು ಮನೆಯಾಕೆ, ಸೌಟನ್ನು ಸೊಂಟಕ್ಕೆ ಊರಿ. “ಹಾಗಾದ್ರೆ ಸರಿ ಎಷ್ಟು, ಹೇಳಿ ನೋಡೋಣ.”

ಯಜಮಾನರು ಸೂರು ನೋಡಿದರು, ಹೊಸ ಚಿಲಕ ನೋಡಿದರು.

“ಮೊದಲಿಂದ ಅಂದ್ನಲ್ಲೋ!” ಎಂದಿತು ಒಳಗಿನ ದನಿ.

“ಹದಿನೇಳೊಂದ್ಲಿ ಹದಿನೇಳು...” ಎಂದು ಯಜಮಾನರು ಶುರುಮಾಡಿದರು.