ಗಂಡು ತಲೆ, ಹೆಣ್ಣು ತಲೆ ಮತ್ತು ನನ್ನ ವೈಂಡಿಂಗ್ ಅಂಗಡಿ

ಕೊಟ್ಟೂರಿನಲ್ಲಿ ಸುಟ್ಟ ಮೋಟ್ರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟವನಿಗೆ ನಗುವ ಪ್ರಸಂಗಗಳು ತಾವೇ ಬಾಗಿಲಿಗೆ ಬರುತ್ತವೆ. ನಗಲು ತ್ರಾಣ ಮಾತ್ರ ನಾವೇ ತಂದುಕೊಳ್ಳಬೇಕು. ನಾನೇನು ಸಾಮಾನ್ಯನಲ್ಲ. ನಾನು ಸುತ್ತಿದ ತಾಮ್ರದ ತಂತಿ ಬಿಚ್ಚಿ ಎಳೆದರೆ ಹಡಗಲಿಗೆ ಹೋಗಿ, ಹೊಳೆಯಲ್ಲಿ ಕಾಲು ತೊಳೆದು, ಹರಪನಹಳ್ಳಿ ಮೇಲೆ ವಾಪಸು ಬಂದು, ಇನ್ನೂ ಒಂದು ಮಿಕ್ಸಿಗೆ ಆಗುವಷ್ಟು ಮಿಗುತ್ತದೆ.

ಆದರೆ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸೊಂಟ ಸೋತಿತ್ತು. ಅಂಗಡಿಯನ್ನು ಯಾರ ಕೈಗಾದರೂ ಕೊಟ್ಟು ಕಾಲು ಚಾಚಬೇಕು. ಇದ್ದವರು ಇಬ್ಬರು: ಕಾಲೇಜು ಅರ್ಧಕ್ಕೆ ಬಿಟ್ಟ ನಮ್ಮಣ್ಣನ ಮಗ, ಪಿಯುಸಿ ಮುಗಿಸಿ ಅಂಗಡಿಗೇ ಬಂದು ಕೂತ ನನ್ನ ಮಗಳು. ಯಾರಿಗೆ ಕೊಡುವುದು?

ಆಗ ಯಾವುದೋ ಪೇಪರಿನಲ್ಲಿ ಓದಿದೆ: ಗಂಡುಹುಡುಗರ ಮಿದುಳಿನ ಜೋಡಣೆ ಬೇರೆ, ಹೆಣ್ಣುಮಕ್ಕಳದು ಬೇರೆಯಂತೆ; ಹರೆಯದಲ್ಲಿ ಹುಡುಗರು ಹಿಂದುಮುಂದು ನೋಡದೆ ನುಗ್ಗುವುದು ಹೆಚ್ಚಂತೆ. ನನಗೆ ನಗು ಬಂತು. ವೈಂಡಿಂಗ್ ಮಾಡುವವನಿಗೆ ಇದನ್ನು ಹೇಳಿಕೊಡಬೇಕೇ? ಹುಡುಗರ ತಲೆ ಅಂದರೆ ಡೈರೆಕ್ಟ್ ಲೈನು, ನಡುವೆ ಸ್ವಿಚ್ಚೇ ಇಲ್ಲ. ಹುಡುಗಿಯರ ತಲೆಯಲ್ಲಿ ಎಲ್ಲ ವೈರಿಗೂ ಎಲ್ಲ ವೈರು ಜೋಡಣೆ. ಪಕ್ಕದ ಟೀ ಅಂಗಡಿಯಲ್ಲಿ ಕೂತು, ಇದು ನಾನೇ ಕಂಡುಹಿಡಿದದ್ದು ಎಂದು ಸಾರಿಬಿಟ್ಟೆ.

೧. ಡೈರೆಕ್ಟ್ ಲೈನು

ಹಗರಿಬೊಮ್ಮನಹಳ್ಳಿ ಹತ್ತಿರದ ಒಂದು ಕಣ. ಜೋಳ ತೂರುವ ದೊಡ್ಡ ಫ್ಯಾನಿನ ಮೋಟ್ರು ಸುತ್ತಿಕೊಟ್ಟಿದ್ದೆವು. ವೈರು ಅದಲುಬದಲಾದರೆ ಫ್ಯಾನು ಉಲ್ಟಾ ತಿರುಗುತ್ತದೆ. ಅದಕ್ಕೇ ಮೊದಲು ಚೂರು ಒತ್ತಿ, ಬಿಟ್ಟು, ಯಾವ ಕಡೆ ತಿರುಗಿತೆಂದು ನೋಡುವುದು ನಮ್ಮ ಪದ್ಧತಿ.

"ತಡಿಯಲೇ, ನೋಡಿ ಒತ್ತು" ಎಂದೆ.

"ಒತ್ತಿ ನೋಡೂಣು ಕಾಕಾ" ಎಂದ ಅಣ್ಣನ ಮಗ. ಒತ್ತಿಯೇ ಬಿಟ್ಟ.

ಫ್ಯಾನಿನ ಮುಂದೆ ಹೆಂಗಸರು ಮೊರ ಎತ್ತಿ ಜೋಳ ಸುರಿಯುತ್ತಿದ್ದರು. ಹಿಂದೆ ನಾನೂ ಹೊಲದ ಯಜಮಾನರೂ ಮಂಡಕ್ಕಿ ಮಿರ್ಚಿ ಹಿಡಿದು ಕೂತಿದ್ದೆವು. ಫ್ಯಾನು ಉಲ್ಟಾ ತಿರುಗಿ ಜೋಳದ ಹೊಟ್ಟು ಎಲ್ಲ ನಮ್ಮ ಮೇಲೆ! ಕಣ್ಣು ಬಿಟ್ಟಾಗ ಯಜಮಾನರ ಮೀಸೆ ಕಾಣಲಿಲ್ಲ. ಮಂಡಕ್ಕಿ ಯಾವುದು, ಹೊಟ್ಟು ಯಾವುದು ತಿಳಿಯಲಿಲ್ಲ.

"ಹುಡುಗ ಭಾಳ ಚುರುಕ್ರಿ" ಎಂದೆ, ಏನಾದರೂ ಹೇಳಬೇಕಲ್ಲ ಅಂತ.

ಯಜಮಾನರು ಹೊಟ್ಟು ಉಗುಳಿ ಹೇಳಿದರು: "ಮುಂದಿನ ಸಲ ಒಂಚೂರು ಮಂದ ಇರೋನ್ನ ಕಳಸ್ರಿ."

೨. ಎಲ್ಲಕ್ಕೂ ಜೋಡಣೆ

ಒಬ್ಬ ಹೆಣ್ಣುಮಗಳು ಸುಟ್ಟ ಮಿಕ್ಸಿ ತಂದಳು. ನನ್ನ ಮಗಳು ಸ್ಕ್ರೂ ಡ್ರೈವರ್ ಮುಟ್ಟಲೇ ಇಲ್ಲ.

"ಏನು ರುಬ್ಬಿದ್ರಿ ಅಕ್ಕಾ?"

"ಒಣಕೊಬ್ಬರಿ."

"ನೀರು ಹಾಕಲಿಲ್ಲ?"

"ನೀರು ಹಾಕಿದ್ರ ರುಚಿ ಕೆಡತೈತಿ ಅಂತಾರ ನಮ್ಮತ್ತಿ."

"ಯಾವಾಗಿಂದ ಹಂಗ ಅಂತಾರ?"

"ನನ್ನ ಮೈದುನನ ಮದಿವಿ ಆದಾಗಿಂದ!"

ಮಧ್ಯಾಹ್ನದ ಹೊತ್ತಿಗೆ ಅತ್ತೆಯೂ ಬಂದರು, ಮೈದುನನ ಹೆಂಡತಿಯೂ ಬಂದಳು. ನನಗೆ ಕೂರಲು ಸ್ಟೂಲು ಉಳಿಯಲಿಲ್ಲ.

"ಅವ್ವಾ, ಅದರಾಗ ಮೋಟ್ರು ಅಂತ ಒಂದು ಐತಿ" ಎಂದೆ ಮಗಳಿಗೆ.

"ಸುಮ್ನಿರಪ್ಪಾ, ಮೂಲಕ್ಕ ಹೊಂಟೀವಿ" ಎಂದಳು.

ಮಿಕ್ಸಿ ಸಂಜೆಗೆ ತಿರುಗಿತು. ಆ ಮನೆಯ ರಿಪೇರಿ ಇನ್ನೂ ನಡೆದಿದೆ.

೩. ಪಾತಾಳದ ಪರೀಕ್ಷೆ

ಹೊಸಹಳ್ಳಿ ಕಡೆಯ ಒಬ್ಬ ರೈತ ಬೋರು ನೀರೆತ್ತುತ್ತಿಲ್ಲ ಎಂದು ಕರೆದ. ನಾನೇ ಹೋದೆ. ಸ್ಟಾರ್ಟರ್ ಡಬ್ಬಿಯ ಮೇಲೆ ಬಲ್ಬು ಉರಿಯುತ್ತಿತ್ತು. ಕರೆಂಟ್ ಇದೆ, ಮೋಟ್ರು ತಿರುಗುವುದಿಲ್ಲ, ಅಂದಮೇಲೆ ಸುಟ್ಟಿದೆ! ನಿಂತ ಕಾಲಲ್ಲೇ ಹೇಳಿಬಿಟ್ಟೆ. ಊರ ಗಂಡಸರನ್ನೆಲ್ಲ ಸೇರಿಸಿ, ಪೈಪಿನ ಮೇಲೆ ಪೈಪು ಬಿಚ್ಚಿಸಿ, ಪಾತಾಳದಿಂದ ಮೋಟ್ರು ಎತ್ತಿಸಿ, ಅವನ ಟ್ರ್ಯಾಕ್ಟರಿನಲ್ಲೇ ಅಂಗಡಿಗೆ ತಂದೆ. ಟೀ ಅಂಗಡಿ ಬೆಂಚಿನವರೆಲ್ಲ ಕೇಳುವಂತೆ ಕೂಗಿದೆ: "ಈ ಮೋಟ್ರ ಯಾರು ನೆಟ್ಟಗ ಮಾಡ್ತಾರ, ಅಂಗಡಿ ಚಾವಿ ಅವರಿಗೆ. ನಾನು ಇವತ್ತಿಂದ ಮಂಚದ ಮ್ಯಾಲ!"

ಹುಡುಗ ಸುತ್ತಿಗೆ ಎತ್ತಿದ. ಮಗಳು ಅವನ ಕೈ ತಡೆದು ಮೀಟರ್ ಇಟ್ಟು ನೋಡಿದಳು. ಮತ್ತೆ ನೋಡಿದಳು. ಆಮೇಲೆ ರೈತನ ಕಡೆ ತಿರುಗಿದಳು.

"ಯಣ್ಣಾ, ಅವತ್ತು ಬಲ್ಬು ಉರಿತಿತ್ತಂತ, ಪಕ್ಕದ ಹೊಲದ ಮೋಟ್ರು ನಡದಿತ್ತಾ?"

"ಇಲ್ಲವ್ವಾ, ಅದೂ ನಿಂತಿತ್ತು."

ಮಗಳು ಮೀಟರ್ ಕೆಳಗಿಟ್ಟಳು. ನನ್ನ ಮುಖ ನೋಡಿದಳು, ರೈತನ ಮುಖ ನೋಡಿದಳು, ಒಂದು ಚೊಂಬು ನೀರು ಕುಡಿದಳು. ಕೊನೆಗೆ ಹುಡುಗನನ್ನು ಮೂಲೆಗೆ ಕರೆದು ಏನೋ ಪಿಸುಗುಟ್ಟಿದಳು. ನನಗೆ ಕೇಳಿದ್ದು ಬಾಲ ಮಾತ್ರ: "…ಅಪ್ಪನ ಮರ್ಯಾದಿ ಹೋಗದಂಗ ಹೆಂಗ ಹೇಳೂದು ಅಂತ ವಿಚಾರ ಮಾಡಾಕತ್ತೀನಿ. ನೀ ಮಾತ್ರ ಬಾಯಿ…"

ಮಾತು ಮುಗಿಯುವುದರೊಳಗೆ ಅವನು ಕೂಗಿಯಾಗಿತ್ತು. "ಕಾಕಾ! ಮೋಟ್ರು ಸುಟ್ಟೇ ಇಲ್ಲಂತ! ಟ್ರಾನ್ಸ್‌ಫಾರ್ಮರಿನಾಗ ಒಂದು ಫ್ಯೂಸು ಹೋಗಿರಬೇಕಂತ! ಬಲ್ಬಿಗೆ ಒಂದು ಲೈನು ಸಾಕು, ಮೋಟ್ರಿಗೆ ಮೂರು ಬೇಕಂತ! ನೀ ಸುಮ್ನ ಅದನ್ನ ಎತ್ತಿಸೀಯಂತ!"

ಟೀ ಅಂಗಡಿ ಬೆಂಚಿನವರೆಲ್ಲ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡೆ.

"ನನಗ ಗೊತ್ತಿತ್ತು. ನಿಮ್ಮಿಬ್ಬರ ತಲಿ ಪರೀಕ್ಷಾ ಮಾಡಾಕಂತನ ಎತ್ತಿಸಿದ್ದು."

ಅಷ್ಟು ಆಳದಿಂದ ಪ್ರಶ್ನೆಪತ್ರಿಕೆ ಎತ್ತಿಸಿದ ಮೇಷ್ಟ್ರು ಸುತ್ತಲಿನ ಐದು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ.

ರೈತ ಬೈಯಲಿಲ್ಲ. "ಹಂಗಾರ ಅಂಗಡಿ ಮಗಳಿಗೆ ಕೊಡ್ರಿ ಮೇಸ್ತ್ರಿ" ಎಂದ. "ಹುಡುಗನ್ನ ನಮ್ಮೂರಿಗೆ ಕಳಸ್ರಿ. ಕರೆಂಟ್ ಬಂತು ಅಂತ ಕೂಗಾಕ ಇಂಥವ ಒಬ್ಬ ಬೇಕು."

ಚಾವಿಯನ್ನು ಮಗಳ ಕೈಗಿಟ್ಟು ಉಸ್ಸಪ್ಪಾ ಎಂದೆ. "ಅಂತೂ ಇನ್ನ ನಾನು ಮಲಗಬಹುದು."

"ಎಲ್ಲಿ ಮಲಗ್ತೀರಿ?" ಎಂದು ರೈತ ಟ್ರ್ಯಾಕ್ಟರ್ ಚಾಲೂ ಮಾಡಿದ. "ಹತ್ತರಿ ಮ್ಯಾಲ. ಮೋಟ್ರು ಎತ್ತಿಸಿದೋರು ನೀವು, ಬೋರಿನಾಗ ಮತ್ತ ಇಳಸೋರು ಯಾರು?"