ಇಪ್ಪತ್ತನೆಯ ಮೀನು

ಗುರುಪ್ರಸಾದನಿಗೂ ಅವನ ಊರಿಗೂ ನಡುವೆ ಅಡ್ಡ ನಿಂತದ್ದು ಕಿರುಬೆರಳುದ್ದದ ಒಂದು ಮೀನು.

ತನ್ನೂರು ನಂಜನಗೂಡಿಗೆ ವರ್ಗವಾದ ಆದೇಶ ಕೈಸೇರಿ ತಿಂಗಳಾಗಿತ್ತು. ಆದರೆ ತಿ. ನರಸೀಪುರದ ಮೀನುಗಾರಿಕೆ ಕಚೇರಿಯಲ್ಲಿ ಅವನ ತಲೆಗೆ ಕಟ್ಟಿದ್ದ ಪಟ್ಟಿ ಮುಗಿಯದೆ ಬಿಡುಗಡೆಯಿಲ್ಲ. ಹೊಳೆಯ ಮೀನುಗಳನ್ನು ದಂಡೆಯ ಜನ ಏನೆಂದು ಕರೆಯುತ್ತಾರೆ ಎಂಬ ಪಟ್ಟಿ ಅದು. ಹತ್ತೊಂಬತ್ತು ಹೆಸರುಗಳನ್ನು ಹಿಂದಿನ ಗುಮಾಸ್ತರು ತುಂಬಿಸಿ ನಿವೃತ್ತರಾಗಿದ್ದರು. ಇಪ್ಪತ್ತನೆಯದು ಖಾಲಿ.

"ಇವತ್ತು ಐದು ಗಂಟೆಗೆ ಕೊನೆ. ಆಮೇಲೆ ನಿಮ್ಮ ಆದೇಶ ರದ್ದು," ಎಂದರು ಮೇಲಧಿಕಾರಿ ಹೇಮಲತಾ ಮೇಡಂ. "ಹೆಸರು ನನಗೂ ಗೊತ್ತು, ಆದ್ರೆ ನಾವು ಹೇಳೋ ಹಾಗಿಲ್ಲ. ದಂಡೆ ಊರಿನವರೇ ಹೇಳಿ, ಸಹಿ ಹಾಕ್ಬೇಕು."

ಗುರುಪ್ರಸಾದನ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುತ್ತಿದ್ದರು. ಅಂಥವನು ಹಣೆಯ ಮೇಲಿನ ವಿಭೂತಿ, ಹೆಗಲ ಮೇಲಿನ ಬಟ್ಟೆ ಚೀಲ, ಫೋನಿನಲ್ಲೊಂದು ಮೀನಿನ ಫೋಟೋ, ಇಷ್ಟರೊಂದಿಗೆ ಹೊಳೆಗಳು ಕೂಡುವ ಸಂಗಮಕ್ಕೆ ಹೋದ.

ದಂಡೆಯಲ್ಲಿ ಅಂಬಿಗ ಮಾರಯ್ಯ ಹರಿಗೋಲಿಗೆ ಟಾರು ಬಳಿಯುತ್ತಿದ್ದ. ಹೆಣ್ಣು ನೋಡಲು ಬಂದ ಬೀಗರಂತೆ ಫೋಟೋವನ್ನು ಎರಡೆರಡು ಸಲ ನೋಡಿದ.

"ಗೊತ್ತು ಸಾ. ಉಟ್ದಾಗಿಂದ ನೋಡ್ತಾ ಇವ್ನಿ."

"ಹೆಸರೇನು?"

"ಎಸ್ರು ಯಾಕೆ?"

"ಬರ್ಕೊಳ್ಳೋಕೆ."

"ಬರ್ಕಂಡು?"

"ಸರ್ಕಾರಕ್ಕೆ ಕಳಿಸ್ತೀವಿ."

ಮಾರಯ್ಯನ ಕೈ ನಿಂತಿತು. "ಓದ್ಸಲ ಮರಳು ಎಂಗದೆ ಅಂತ ಬರ್ಕಂಡೋದ್ರು. ಆಮ್ಯಾಕೆ ಬೋರ್ಡ್ ನೆಟ್ರು, ಬೇಲಿ ಹಾಕುದ್ರು. ಈಗ ಮೀನಾ? ಅದ್ಯಾವ ಮೀನೋ ನಂಗೊತ್ತಿಲ್ಲ ಸಾ."

"ಈಗ ತಾನೇ ಹುಟ್ಟಿದಾಗಿಂದ..."

"ಮರ್ತೋಯ್ತು."

ಆದರೂ ಬಿಸಿಲಲ್ಲಿ ಬೆವರುತ್ತಿದ್ದವನನ್ನು ನೋಡಲಾರದೆ ತನ್ನ ಟವಲನ್ನು ಹೊಳೆಯಲ್ಲಿ ಅದ್ದಿ ಹಿಂಡಿ ಕೊಟ್ಟ. "ತಲೆಗಾಕ್ಕಳಿ ಸಾ. ಎಸ್ರು ಮಾತ್ರ ಕೇಳ್ಬ್ಯಾಡಿ."

ಜೋರಾಗಿ ಕೇಳಿದ್ದೇ ತಪ್ಪಾಯಿತೆಂದು ಗುರುಪ್ರಸಾದ ಮೀನು ಮಾರುವ ಚಲುವಮ್ಮನ ಬಳಿ ಬಗ್ಗಿ, ಅತ್ತಿತ್ತ ನೋಡಿ, ಪಿಸುಗುಟ್ಟಿದ. "ಅಕ್ಕಾ, ಈ ಮೀನು..."

ಚಲುವಮ್ಮ ಫೋಟೋವನ್ನು ನೋಡಲಿಲ್ಲ. ಅವನ ವಿಭೂತಿಯನ್ನು ನೋಡಿದಳು. ಅವನ ಪಿಸುದನಿಯನ್ನು ಅಳೆದಳು. ಎಲ್ಲವೂ ಅರ್ಥವಾಯಿತೆಂಬಂತೆ ತಲೆದೂಗಿದಳು.

"ಹೆಸರು ಹೇಳಿದ್ರೆ ಸಾಕು ಅಕ್ಕಾ, ಫಾರಂ ತುಂಬ್ಬೇಕು."

"ಫಾರಮ್ಮಂತೆ! ಓದೊರ್ಸ ನಿಮ್ಮಂಗೇ ಒಬ್ರು ಮೇಷ್ಟ್ರು ಬೆಕ್ಕಿಗೆ ಅಂತ ಬತ್ತಿದ್ರು. ವಾರ್ವಾರ ಒಂದ್ ಕೇಜಿ. ಅದೆಂಥ ಬೆಕ್ಕೋ!"

"ಅಯ್ಯೋ, ಹಾಗಲ್ಲ..."

"ನಾಚ್ಕಬ್ಯಾಡಿ ಸಾ. ನಾನ್ಯಾರ್ಗೂ ಏಳಕಿಲ್ಲ." ಫೋಟೋದಲ್ಲಿದ್ದಂಥವೇ ಮೀನುಗಳನ್ನು ಎರಡು ಹಿಡಿ ಬಾಳೆಲೆಯಲ್ಲಿ ಸುತ್ತಿ, ಅವನ ಚೀಲಕ್ಕೆ ತುರುಕಿ, ಮೇಲೆ ಒಂದು ಕಟ್ಟು ಕೀರೆಸೊಪ್ಪು ಮುಚ್ಚಿದಳು. "ಮೊದಲ್ನೇ ಸಲ, ದುಡ್ಡು ಬ್ಯಾಡ. ಮುಳ್ಳು ಮಾತ್ರ ಜ್ವಾಪಾನ."

ಗುರುಪ್ರಸಾದ ಬಾಯಿ ತೆರೆಯುವಷ್ಟರಲ್ಲಿ ಅವಳು ಮುಂದಿನ ಗಿರಾಕಿಯ ಕಡೆ ತಿರುಗಿಯಾಗಿತ್ತು.

ನಾಲ್ಕೂಕಾಲಿಗೆ ಅವನು ಬಸ್ ನಿಲ್ದಾಣ ದಾಟುವಾಗ ಹಿಂದೆ ಮೂರು ಬೆಕ್ಕುಗಳು ದಿಬ್ಬಣದಂತೆ ಬರುತ್ತಿದ್ದವು. ಎದುರಿಗೆ, ಹೆಂಡತಿಯ ತಂದೆ ರಾಚಯ್ಯನವರು! ಮುಡುಕುತೊರೆಯಿಂದ ಮಗಳ ಮನೆಗೆ ಹೊರಟವರು ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದರು. ಮೂರು ಬೆರಳಿನ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ.

"ಏನ್ ಅಳಿಯಂದ್ರೇ, ಚೀಲದಲ್ಲೇನು?"

"ಸೊಪ್ಪು, ಮಾವ."

"ಸೊಪ್ಪಿನ ಹಿಂದೆ ಬೆಕ್ಕು ಬರ್ತವಾ?"

ಸಂಶಯದಿಂದ ಸೊಪ್ಪು ಸರಿಸಿ ಬಾಳೆಲೆ ಬಿಚ್ಚಿಯೇಬಿಟ್ಟರು. ಗುರುಪ್ರಸಾದ ಕಣ್ಣು ಮುಚ್ಚಿಕೊಂಡ.

"ಸಸಲು!" ಕಳೆದುಹೋದ ನೆಂಟ ಸಿಕ್ಕಿದಂತಿತ್ತು ಮಾವನ ದನಿ. "ಹದಿನಾರು ಊರಿನ ನಮ್ ಮಲ್ಲಯ್ಯನ ಹೆಂಡ್ತಿ ಇದಕ್ಕೆ ಮಾವಿನಕಾಯಿ ಹಾಕಿ, ಸಣ್ಣ ಉರೀಲಿ..." ಥಟ್ಟನೆ ನಿಂತಿತು. "...ಮಾಡ್ತಾಳೆ ಅಂತ ಯಾರೋ ಅಂದಿದ್ರು."

ಗುರುಪ್ರಸಾದನಿಗೆ ಮಾವಿನಕಾಯಿ ಕೇಳಿಸಲೇ ಇಲ್ಲ. ಸಸಲು! ಮಾವನ ಊರು ಮುಡುಕುತೊರೆ! ಕಾವೇರಿ ದಂಡೆ! ಜೇಬಿನಿಂದ ಫಾರಂ ತೆಗೆದ. "ಮಾವ, ಇಲ್ಲೊಂದು ಸಹಿ ಹಾಕಿಬಿಡಿ. ನನ್ನ ವರ್ಗಾವಣೆ ನಿಮ್ಮ ಕೈಲಿದೆ."

ರಾಚಯ್ಯನವರು ಕನ್ನಡಕ ಏರಿಸಿ ಓದಿದರು. "ಮೀನಿನ ಹೆಸರು ಹೇಳಿದವರು... ಇದರ ಕೆಳಗೆ ನಾನು ಸಹಿ ಹಾಕ್ಬೇಕೆ? ಶಿವಶಿವಾ! ನಾಳೆ ಮಠದಲ್ಲಿ ಹೆಂಗೆ ಮುಖ ತೋರಿಸ್ಲಿ? ಮೊದ್ಲು ಆ ಚೀಲ ಇತ್ಲಾಗೆ ಕೊಡಿ. ಯಾರಾದ್ರೂ ಕಂಡ್ರೆ ನಿಮ್ಮ ಮಾನ ಹೋಗ್ತದೆ. ದಾರೀಲಿ ಹೊಳೆಗೆ ಬಿಡ್ತೀನಿ."

ನಾಲ್ಕೂವರೆ ಬಸ್ಸು ಮಾವನನ್ನೂ ಚೀಲವನ್ನೂ ಹೊತ್ತು ಹೊರಟಿತು. ಬೆಕ್ಕುಗಳು ಗುರುಪ್ರಸಾದನನ್ನು ತಿರಸ್ಕಾರದಿಂದ ನೋಡಿ ಚದುರಿದವು. ಸಹಿಗಾಗಿ ಅವನು ಮತ್ತೆ ಸಂಗಮಕ್ಕೆ ಓಡಿದರೆ ದಂಡೆ ಖಾಲಿಯಾಗಿತ್ತು.

ಕಚೇರಿಯಲ್ಲಿ ಹೇಮಲತಾ ಮೇಡಂ ಗಡಿಯಾರಕ್ಕೆ ಬೆನ್ನು ಮಾಡಿ ಕುಳಿತು ಹತ್ತು ನಿಮಿಷ ಹೆಚ್ಚಿಗೆ ಕಾದಿದ್ದರು.

"ಸಸಲು, ಮೇಡಂ."

"ಸರಿಯಾಗೇ ಇದೆ. ಹೇಳಿದವರು ಯಾರು?"

ಗುರುಪ್ರಸಾದ ಸಹಿಯಿಲ್ಲದ ಫಾರಂ ಮೇಜಿನ ಮೇಲಿಟ್ಟ. ಮೇಡಂ ನಿಟ್ಟುಸಿರಿಟ್ಟು ಕಡತ ಮುಚ್ಚಿದರು.

ದಿನಾ ಮನೆಗೆ ಮರಳುವ ಸಂಜೆಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಹೆಂಡತಿ ಸರ್ವಮಂಗಳಾಳ ಫೋನು ಬಂತು.

"ಅಪ್ಪಾಜಿ ಈಗ ಬಂದ್ರು."

"ಈಗಲಾ? ನಾಲ್ಕೂವರೆ ಬಸ್ಸು ಹತ್ತಿದ್ರಲ್ಲೇ!"

"ದಾರೀಲಿ ಹದಿನಾರಲ್ಲಿ ಇಳಿದು ಸ್ನೇಹಿತರ ಮನೆಗೆ ಹೋಗಿದ್ರಂತೆ. ಅದಿರಲಿ, ನೀವು ಚೀಲದಲ್ಲಿ ಏನಿಟ್ಕೊಂಡು ಓಡಾಡ್ತಿದ್ರಿ ಅಂತ ಎಲ್ಲಾ ಹೇಳಿದ್ರು. ಥೂ! ಇವತ್ತು ಜಗಲಿ ಮೇಲೇ ಮಲಗಿ. ನಿಮ್ಮ ಚಿಂತೇಲಿ ಅಪ್ಪಾಜಿ ಒಂದು ತುತ್ತೂ ಮುಟ್ಟಲಿಲ್ಲ ಕಣ್ರೀ. ಹೊಟ್ಟೆ ತುಂಬಿದೆ ಅಂತ ಗೋಡೆಗೊರಗಿ ತೇಗ್ತಾ ಕೂತಿದಾರೆ, ಪಾಪ!"