ಎಂಟನೇ ಹೆಣ್ಣು, ಹಳೇ ಪಿನ್ನು

ದೊಡ್ಡಬೆಳವಂಗಲದ ಬಸ್ ಸ್ಟಾಂಡಿನಲ್ಲಿ ಇಳಿದ ಮೂರ್ತಿ ಜೇಬಿನಿಂದ ಫೋನ್ ತೆಗೆದ. ಅದು ಸತ್ತು ತಣ್ಣಗಾಗಿತ್ತು.

ಇದಕ್ಕೆಲ್ಲ ಕಾರಣ ಅವನ ಚಿಕ್ಕಮ್ಮ ಮುತ್ತಮ್ಮ. ನೆಲಮಂಗಲದ ಗೋಡೌನಿನಲ್ಲಿ ಸೂಪರ್‌ವೈಸರ್ ಆಗಿರುವ ಮೂರ್ತಿಗೆ ಮೂವತ್ತೈದು ತುಂಬಿತ್ತು, ಏಳು ಹೆಣ್ಣು ನೋಡಿಯಾಗಿತ್ತು. ಏಳು ಸಲವೂ ಬೀದಿಯವರು ವ್ಯಾನ್ ತುಂಬ ಜೊತೆಗೆ ಬಂದು, ಉಪ್ಪಿಟ್ಟು ತಿಂದು, ಏನಾದರೊಂದು ಬಾಯಿಬಿಟ್ಟು ಕೆಡಿಸಿದ್ದರು. ಅದಕ್ಕೇ ಬ್ರೋಕರ್ ವೆಂಕಟರಾಯಪ್ಪ, "ಜಾತಕ ಕೂಡೈತೆ. ಈ ಸಲ ಒಬ್ನೇ ಹೋಗು, ಸದ್ದು ಮಾಡ್ಬೇಡ. ನಾನು ಬೇರೆ ಕಡೆ ಇರ್ತೀನಿ. ಬಸ್ ಇಳಿದು ಫೋನ್ ಮಾಡು, ಮನೆ ಯಾವ್ದು ಅಂತ ಹೇಳ್ತೀನಿ" ಅಂದಿದ್ದ. ಮೊದಲೇ ಹೇಳಿಬಿಟ್ಟರೆ ಎರಡು ಕಡೆಯವರೂ ತನ್ನನ್ನು ಬಿಟ್ಟು ಮಾತಾಡಿಕೊಂಡಾರು ಅನ್ನೋ ಭಯ ಆ ಮಹಾನುಭಾವನಿಗೆ. ಮೂರ್ತಿ ಈ ಗುಟ್ಟನ್ನು ಚಿಕ್ಕಮ್ಮನೊಬ್ಬಳಿಗೇ ಹೇಳಿದ. ಬೆಳಗ್ಗೆ ಆರರಿಂದ ಬೀದಿಯ ಒಂದೊಂದು ಮನೆಯಿಂದಲೂ ಫೋನ್ ಬಂತು. ಒಳ್ಳೇದಾಗಲಿ ಅಂತ ಹಾರೈಸಿ ಹಾರೈಸಿಯೇ ಬ್ಯಾಟರಿ ಮುಗಿಸಿದರು.

ಬ್ರೋಕರ್ ನಂಬರು ಬಾಯಿಪಾಠವಿಲ್ಲ. ಹೆಣ್ಣು ತೋರಿಸೋ ಮನೆ ಯಾವುದು ಅಂತ ದಾರಿಹೋಕರನ್ನು ಕೇಳಿದರೆ ಒದೆ ಗ್ಯಾರಂಟಿ. ಅವತ್ತು ಬುಧವಾರ, ಹನ್ನೆರಡಕ್ಕೆ ರಾಹುಕಾಲ ಹುಟ್ಟುತ್ತೆ. ಆಗಲೇ ಹತ್ತೂಮುಕ್ಕಾಲು.

ಟೀ ಅಂಗಡಿಯವನು ಫೋನನ್ನು ತಿರುಗಿಸಿ ನೋಡಿ ನಕ್ಕ. "ಏನ್ ಗುರು, ಇನ್ನೂ ಮೈಕ್ರೋ ಪಿನ್ನಾ! ಈಗೆಲ್ಲ ಸಿ ಪಿನ್ನು. ಇದನ್ನ ಎಲ್ಲಿ ಅಗೆದು ತೆಗೆದೆ?"

ಫೋನ್ ಬದಲಾಯಿಸೋ ಅಂತ ಚಿಕ್ಕಮ್ಮ ನೂರು ಸಲ ಹೇಳಿದ್ದಳು. ಓಡ್ತಾ ಇರೋದನ್ನ ಯಾಕೆ ಬದಲಾಯಿಸಬೇಕು ಅಂತ ಇವನೂ ನೂರು ಸಲ ವಾದ ಮಾಡಿದ್ದ. ಈಗ ಅನುಭವಿಸಲಿ.

ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಕುಂಕುಮ, ಕೈಚೀಲದಲ್ಲಿ ಸೇಬು, ಮೇಲೆ ಎರಡು ಮೊಳ ಮಲ್ಲಿಗೆ. ಈ ಅವತಾರದಲ್ಲಿ ಅವನು ಮಾರಕ್ಕ ಅನ್ನೋ ಮುದುಕಿಯ ಮನೆ ಬಾಗಿಲಲ್ಲಿ ನಿಂತ. "ಅವ್ವಾ, ಒಸಿ ಚಾರ್ಜರ್ ಇದ್ರೆ ಕೊಡ್ತೀರಾ?"

ಮಾರಕ್ಕ ಅಂಗಿ ನೋಡಿದಳು, ಹೂವ ನೋಡಿದಳು, "ಪ್ರಮೋದಾ, ನೀನು ಒಳಕ್ಕೆ ನಡಿ!" ಅಂತ ಮೊಮ್ಮಗಳನ್ನು ಅಟ್ಟಿದಳು. ಆಮೇಲೆ ತನ್ನ ಬಟನ್ ಫೋನಿನ ಚಾರ್ಜರ್ ತಂದುಕೊಟ್ಟಳು. ಅದರ ಪಿನ್ನು ದಬ್ಬಣದ ಹಾಗೆ ಸಣ್ಣಗೆ, ಗುಂಡಗಿತ್ತು. ಆಗಲಿಲ್ಲ.

ಮುಂದಿನದು ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವನ ಮನೆ. ಅಲ್ಲಿದ್ದದ್ದು ಐಫೋನ್ ಪಿನ್ನು. ಮೂರ್ತಿ ಒತ್ತಿದ, ತಿರುಗಿಸಿ ಒತ್ತಿದ, ಒಳಗೇ ಹೋಗಲಿಲ್ಲ. ಆ ಒದ್ದಾಟದಲ್ಲಿ ಅವರು ಕೊಟ್ಟಿದ್ದ ಕಾಫಿ ಪೂರ್ತಿ ಎದೆಯ ಮೇಲೆ ಚೆಲ್ಲಿಕೊಂಡ. ಬಾಗಿಲ ಹಿಂದೆ ಹುಡುಗಿಯರು ಕಿಸಕ್ಕನೆ ನಕ್ಕರು.

ಜೆರಾಕ್ಸ್ ಅಂಗಡಿಯವನು ಪ್ರಿಂಟರಿನ ವೈರ್ ಕಿತ್ತುಕೊಟ್ಟ. ಅದರ ತಲೆ ಇಟ್ಟಿಗೆ ಚೂರಿನ ಹಾಗೆ ಚೌಕಾಗಿತ್ತು. ಅದನ್ನು ಹಾಕಿ ನೋಡಿದ ಅಂದರೆ ಮೂರ್ತಿಯ ಪಾಡು ಎಲ್ಲಿಗೆ ಬಂದಿತ್ತು ನೋಡಿ!

ಅಷ್ಟರಲ್ಲಿ ನಲ್ಲಿ ಹತ್ತಿರ ಸುದ್ದಿ ಎದ್ದಿತ್ತು. "ಯಾವನೋ ಚಾರ್ಜರ್ ನೆಪ ಹೇಳ್ಕೊಂಡು ಮನೆಮನೆ ಹೊಕ್ಕು ಹೆಣ್ಣು ನೋಡ್ತಾವ್ನಂತೆ ಕಣೇ! ಕೈಯಾಗೆ ಹೂವ ಬೇರೆ!"

ಕೊನೆಗೆ ಸಿಕ್ಕಿದ್ದು ವಸಂತನ ಮೊಬೈಲ್ ಅಂಗಡಿ. ವಸಂತ ಪಕ್ಕದ ಮಧುರೆ ಕಡೆಯ ಹುಡುಗ, ಅಂಗಡಿ ತೆರೆದು ಒಂದು ತಿಂಗಳೂ ಆಗಿರಲಿಲ್ಲ. ಗೋಡೆ ತುಂಬ ಕೇಬಲ್‌ಗಳು ಪಡವಲಕಾಯಿಯ ಹಾಗೆ ಇಳಿಬಿದ್ದಿದ್ದವು. ಒಂದನ್ನು ಎಳೆದು ಸಿಕ್ಕಿಸಿದ. ಫೋನಿನ ದೀಪ ಹತ್ತಿತು. ಮೂರ್ತಿಗೆ ಅಳುವೇ ಬಂತು.

"ಇಪ್ಪತ್ತು ನಿಮಿಷ ಬಿಡಿ ಸಾರ್. ಅಷ್ಟ್ರಲ್ಲಿ ಅಂಗಿ ತೊಳ್ಕೊಂಬನ್ನಿ, ಹಿಂದುಗಡೆ ನಲ್ಲಿ ಐತೆ."

"ವೆಂಕಟರಾಯಪ್ಪ ಅಂತ ಫೋನ್ ಬಂದ್ರೆ ಎತ್ತಪ್ಪ, ಮನೆ ಯಾವ್ದು ಅಂತ ಕೇಳಿಟ್ಕೋ. ಹೆಣ್ಣು ನೋಡಕ್ಕೆ ಬಂದಿದ್ದೀನಿ" ಅಂದು ಮೂರ್ತಿ ಚೀಲವನ್ನೂ ಅವನಿಗೇ ಒಪ್ಪಿಸಿದ.

ಕಾಫಿ ಕಲೆ ಸುಲಭಕ್ಕೆ ಹೋಗುತ್ತಾ? ಉಜ್ಜಿ, ಹಿಂಡಿ, ಬಿಸಿಲಿಗೆ ಹರವಿ, ಅರೆಬರೆ ಒಣಗಿದ್ದನ್ನು ತೊಟ್ಟು ಬಂದರೆ ಅಂಗಡಿ ಬಾಗಿಲು ಹಾಕಿತ್ತು. ಷಟರಿಗೆ ಒಂದು ಚೀಟಿ ಅಂಟಿಸಿತ್ತು: "ಡೇರಿ ಪಕ್ಕದ ಹಸಿರು ಮನೆ. ಕೂಗಿದೆ, ನಿಮಗೆ ಕೇಳಿಸಲಿಲ್ಲ. ರಾಹುಕಾಲಕ್ಕೆ ಮುಂಚೆ ಹಣ್ಣು ಹೂವಾದರೂ ತಲುಪಲಿ ಅಂತ ನಾನೇ ತಗೊಂಡು ಹೋಗ್ತಿದ್ದೀನಿ. ಬೇಗ ಬನ್ನಿ."

ಮೂರ್ತಿ ಓಡಿದ. ಹಸಿರು ಮನೆಯ ನಡುಮನೆಯಲ್ಲಿ, ಕುರ್ಚಿಯ ಮೇಲೆ ವಸಂತ ಕೂತು ಕೇಸರಿಬಾತ್ ತಿನ್ನುತ್ತಿದ್ದ. ಎದುರಿಗೆ ಹುಡುಗಿ ಅಕ್ಷತ, ತಲೆಯಲ್ಲಿ ಮೂರ್ತಿ ತಂದ ಮಲ್ಲಿಗೆ. ಅವಳಪ್ಪ ಮುನಿವೆಂಕಟಪ್ಪನ ಮುಖ ಅರಳಿತ್ತು.

"ನಾನಲ್ಲ ಅಂದೆ ಸಾರ್" ಅಂದ ವಸಂತ, ಬಾಯಿ ತುಂಬಿಕೊಂಡೇ. "ನಾಚ್ಕೋತಾವ್ನೆ ಅಂದ್ಬಿಟ್ರು."

"ಗಂಡು ನಾನು!" ಅಂತ ಮೂರ್ತಿ ಏದುಸಿರು ಬಿಟ್ಟ.

ಮುನಿವೆಂಕಟಪ್ಪ ಅವನ ಒದ್ದೆ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದರು. "ಚಾರ್ಜರ್ ಕೇಳ್ಕೊಂಡು ಊರ ಹೆಣ್ಮಕ್ಕಳನ್ನೆಲ್ಲ ನೋಡ್ಕೊಂಡು ಬಂದೋನು ನೀನೇನಾ?"

"ಇವ್ನೇ ಕಣಣ್ಣ!" ಅಂದಳು ಕಿಟಕಿಯಾಚೆಯಿಂದ ಮಾರಕ್ಕ.

"ಅಯ್ಯೋ, ನಿಜವಾಗ್ಲೂ ಚಾರ್ಜರ್‌ಗೇ ಹೋಗಿದ್ದು! ನನ್ನದು ಮೈಕ್ರೋ ಪಿನ್ನು, ಯಾರ ಮನೇಲೂ ಇರ್ಲಿಲ್ಲ!"

ಅಕ್ಷತ, ವಸಂತ ಜೊತೆಗೇ ತಂದಿದ್ದ ಮೂರ್ತಿಯ ಫೋನನ್ನು ನೋಡಿದಳು, ಮೂರ್ತಿಯನ್ನು ನೋಡಿದಳು. "ಅಪ್ಪಾ, ಇವ್ರು ಹೇಳ್ತಿರೋದು ನಿಜಾನೇ ಇರ್ಬೋದು. ಆದ್ರೂ ನಂಗೆ ಅಂಗಡಿಯವ್ರೇ ಇರ್ಲಿ."

ವಿಚಾರಿಸಿದರೆ ವಸಂತನ ಅಜ್ಜಿ ಇವರಿಗೆ ದೂರದ ನೆಂಟರಂತೆ. ವಸಂತ ಅಕ್ಷತಳತ್ತ ಒಂದು ಸಲ ಕಳ್ಳನೋಟ ನೋಡಿದ. ನಾನಲ್ಲ ಅನ್ನೋ ಮಾತನ್ನು ಆಮೇಲೆ ಅವನು ಎತ್ತಲೇ ಇಲ್ಲ.

ಮೂರ್ತಿಯನ್ನು ಬಸ್ ಹತ್ತಿಸಲು ಅವನೇ ಬಂದ. ಪಾಪ, ಒಳ್ಳೇ ಹುಡುಗ. "ದಾರೀಲಿ ಆಫ್ ಆಗ್ಬಾರ್ದು ಸಾರ್" ಅಂತ ಮೈಕ್ರೋ ಪಿನ್ನಿನ ಕೇಬಲ್ ಸಮೇತ ಒಂದು ಪವರ್ ಬ್ಯಾಂಕ್ ಫೋನಿಗೆ ಸಿಕ್ಕಿಸಿಯೇ ಕೊಟ್ಟ, ಕಾಸು ಬೇಡವೇ ಬೇಡ ಅಂದ.

ಬಸ್ಸು ಊರು ದಾಟುವುದರೊಳಗೆ ಚಿಕ್ಕಮ್ಮನ ಫೋನ್. "ಏನಾಯ್ತೋ? ಹುಡುಗಿ ಒಪ್ಪಿದ್ಲಾ?"

"ಒಪ್ಪಿದ್ಲು ಚಿಕ್ಕಮ್ಮ, ಆದ್ರೆ..."

"ಅಪ್ಪಾ ದೇವ್ರೇ! ತಡಿ, ಬೀದಿಗೆಲ್ಲ ಹೇಳಿ ಬರ್ತೀನಿ!" ಅಂತ ಫೋನ್ ಕಟ್ಟಾಯಿತು.

ಎರಡು ನಿಮಿಷಕ್ಕೆಲ್ಲ ಮೊದಲನೇ ಮನೆಯವರ ಅಭಿನಂದನೆ ಬಂತು. ಆಮೇಲೆ ಎರಡನೆಯವರು, ಮೂರನೆಯವರು. ಬೀದಿಯಲ್ಲಿ ನಲವತ್ತೆರಡು ಮನೆ. ಈಗಲಾದರೂ ಸತ್ತುಹೋಗಲಿ ಅಂತ ದೇವರನ್ನು ನೆನೆಯುತ್ತ ಮೂರ್ತಿ ಬ್ಯಾಟರಿ ನೋಡಿದ. ಅದು ಏರುತ್ತಲೇ ಇತ್ತು.